ಕಂಬದ ಹಿಂದಿನ ಹಾಜರಿ

ತರ್ಕಶಾಸ್ತ್ರದ ಮೇಷ್ಟ್ರಿಗೆ ಈ ರೋಗದ ಕಾಲ ಚೆನ್ನಾಗಿಯೇ ಒಗ್ಗಿಹೋಗಿತ್ತು. ಹಾಗೆಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಊರಿಗೆ ಊರೇ ಉಸಿರು ಬಿಗಿಹಿಡಿದು ಓಡಾಡುತ್ತಿರುವಾಗ ನಾನಂತೂ ಸುಖವಾಗಿದ್ದೇನೆ ಎಂದರೆ ಕೇಳಿದವರು ಮುಖಕ್ಕೆ ಉಗಿದಾರು. ಉಗಿಯುವುದಕ್ಕೂ ಈಗ ಮಾಸ್ಕ್ ಅಡ್ಡ, ಅದು ಬೇರೆ ಮಾತು. ಆದರೆ ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಆ ದೊಡ್ಡ ಹಾಲಿನ ವೇದಿಕೆ ಹತ್ತಿ, ಕನ್ನಡಕದ ಮೇಲೆ ಕೂತ ಉಸಿರಿನ ಮಂಜು ಒರೆಸಿಕೊಂಡು, ಒಂದೊಂದೇ ನಂಬರು ಕೂಗುತ್ತ, ದೂರ ದೂರ ಹಾಕಿದ ಡೆಸ್ಕುಗಳಿಂದ ಒಂದೊಂದೇ ಕೈ ಸದ್ದಿಲ್ಲದೆ ಎದ್ದು ಇಳಿಯುವುದನ್ನು ನೋಡುವಾಗ ಅವರಿಗೆ ಹೊಟ್ಟೆ ತುಂಬ ಉಂಡು ಕೂತವನ ಸಮಾಧಾನ ಬರುತ್ತಿತ್ತು. ಕೈ ಎದ್ದರೆ ಇದ್ದಾರೆ, ಏಳದಿದ್ದರೆ ಇಲ್ಲ. ಇಷ್ಟು ವರ್ಷ ಪಾಠ ಮಾಡಿದ ತರ್ಕಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಅವರಿಗೆ ಸಿಕ್ಕಿರಲಿಲ್ಲ. ಇವತ್ತೂ ಹಾಗೇ ಆಯಿತು. ಹಾಜರಿ ಮುಗಿಸಿ, ಪೆನ್ನಿನ ಕ್ಯಾಪು ಹಾಕಿ, ಕಿಟಕಿಯಿಂದ ಬೀಳುತ್ತಿದ್ದ ಬಿಸಿಲನ್ನು ಒಂದು ಕ್ಷಣ ನೋಡಿ, ಬದುಕು ಪರವಾಗಿಲ್ಲ ಎಂದುಕೊಂಡರು.

ಯಾಕೆಂದರೆ ಮೇಷ್ಟ್ರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಇದು ಅವರ ಹೆಂಡತಿಗೆ ಪೂರ್ತಿ ಗೊತ್ತಿತ್ತು, ಅವರಿಗೆ ಅರ್ಧ ಗೊತ್ತಿತ್ತು, ಉಳಿದವರಿಗೆ ಗೊತ್ತೇ ಇರಲಿಲ್ಲ. ಕಿವಿ ಒಂದೇ ದಿನ ಕೈಕೊಟ್ಟದ್ದಲ್ಲ. ಬಾಡಿಗೆಯವನು ಒಂದೊಂದೇ ಸಾಮಾನು ಸಾಗಿಸಿ ಕೊನೆಗೆ ಬೀಗದ ಕೈ ಕೊಟ್ಟು ಹೋಗುವ ಹಾಗೆ, ಮೊದಲು ಫ್ಯಾನಿನ ಸದ್ದು ಹೋಯಿತು, ಆಮೇಲೆ ಅಡುಗೆಮನೆಯ ನಲ್ಲಿಯದು, ಆಮೇಲೆ ಹೆಂಗಸರ ಮಾತಿನ ಕೊನೆ. ಕಿವಿ ಡಾಕ್ಟರ ಹತ್ತಿರ ಹೋಗೋಣ ಎಂದು ಹೆಂಡತಿ ಅಂದಾಗಲೆಲ್ಲ, ನೀನು ಗೊಣಗುವುದು ಬಿಟ್ಟು ಬಿಡಿಸಿ ಮಾತಾಡು, ಎಲ್ಲ ಕೇಳಿಸುತ್ತದೆ ಎನ್ನುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಕೆ ಅಂದರೆ ಅದು ಮಾತ್ರ ಒಂದಕ್ಷರ ಬಿಡದೆ ತಿಳಿಯುತ್ತಿತ್ತು, ಏಕೆಂದರೆ ಅದನ್ನು ಆಕೆ ಎದುರಿಗೇ ಬಂದು ನಿಂತು, ತುಟಿ ಅಗಲಿಸಿ ಅನ್ನುತ್ತಿದ್ದಳು. ತುಟಿ ಎದುರಿಗಿದ್ದರೆ ಅವರಿಗೆ ಲೋಕದಲ್ಲಿ ಯಾವ ಕೊರತೆಯೂ ಇರಲಿಲ್ಲ. ತಾವು ಮಾತನ್ನು ಕೇಳುತ್ತಿಲ್ಲ, ಓದುತ್ತಿದ್ದೇವೆ ಎಂಬುದು ಕಾಲೇಜು ಮತ್ತೆ ತೆರೆದ ಮೊದಲ ದಿನದವರೆಗೂ ಅವರಿಗೇ ಸರಿಯಾಗಿ ತಿಳಿದಿರಲಿಲ್ಲ. ಆ ದಿನ ಹಾಲಿನ ತುಂಬ ಬರೀ ಕಣ್ಣು. ಒಬ್ಬ ಹುಡುಗ ಎದ್ದು ನಿಂತು ಕೈ ಆಡಿಸುತ್ತ ಏನೋ ಕೇಳಿದ. ಮೇಷ್ಟ್ರು ಕಾದರು. ಅವನು ಮತ್ತೆ ಕೇಳಿರಬೇಕು, ಹುಬ್ಬು ಇನ್ನಷ್ಟು ಮೇಲೇರಿತು. ಮೇಷ್ಟ್ರು ಗಂಭೀರವಾಗಿ ತಲೆಯಾಡಿಸಿ, "ಅದೂ ಸರಿಯೇ" ಅಂದರು. ಇಡೀ ತರಗತಿಯ ಭುಜಗಳು ಕುಲುಕಾಡಿದವು.

ಬೆನ್ನಿನ ಮೇಲೆ ಬೆವರು ಇಳಿದದ್ದು ಆಗ. ಅಂಗಿ ಒದ್ದೆಯಾಗಿ ಅಂಟಿಕೊಂಡಿತು, ಮತ್ತು ಚಿಕ್ಕಂದಿನ ಮನೆಯ ದೊಡ್ಡಪ್ಪ ಕಣ್ಣೆದುರಿಗೆ ಬಂದು ಬಾಗಿಲ ಬಳಿಯ ಕುರ್ಚಿಯಲ್ಲಿ ಕೂತರು. ಮಕ್ಕಳೆಲ್ಲ ಅವರ ಮುಂದೆ ಸಾಲಾಗಿ ನಿಂತು, ಒಂದಿಷ್ಟೂ ಸದ್ದು ಮಾಡದೆ ಬರೀ ತುಟಿ ಆಡಿಸುವ ಆಟ. ದೊಡ್ಡಪ್ಪನಿಗೆ ಒಂದು ಕಿವಿ ಮಂದ, ಇನ್ನೊಂದರಲ್ಲಿ ಅಷ್ಟಿಷ್ಟು ಉಳಿದಿತ್ತು. ಅವರು ಗಾಬರಿಯಾಗಿ ಆ ಉಳಿದ ಕಿವಿಯನ್ನು ಅಂಗೈಯಿಂದ ತಟ್ಟಿಕೊಂಡು, ಇದೂ ಹೋಯಿತಾ ಎಂದು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದರು. ಆ ಆಟದಲ್ಲಿ ತುಟಿಯನ್ನು ಎಲ್ಲರಿಗಿಂತ ಚೆನ್ನಾಗಿ ಆಡಿಸುತ್ತಿದ್ದವನು ಯಾರು ಎಂಬುದು ಮೇಷ್ಟ್ರಿಗೆ ಚೆನ್ನಾಗಿ ನೆನಪಿದೆ. ಕಿವುಡ ಎಂದರೆ ಏನು, ಕಿವುಡನಿಗೆ ಜನ ಏನು ಮಾಡುತ್ತಾರೆ ಎಂಬುದು ಅವರಿಗೆ ಬೇರೆಯವರು ಹೇಳಿ ತಿಳಿಯಬೇಕಾದ್ದಿರಲಿಲ್ಲ.

ಮರುದಿನವೇ ಅವರು ಪ್ರಾಂಶುಪಾಲರ ಮುಂದೆ ಹೋಗಿ ಕೂತರು. ಕೂಗಿ ಮಾತಾಡಿದರೆ ಎಂಜಲಿನ ಹನಿ ದೂರ ಹೋಗುತ್ತದೆ, ರೋಗ ಹರಡುವುದೇ ಹಾಗೆ. ಆದ್ದರಿಂದ ತಮ್ಮ ತರಗತಿಯಲ್ಲಿ ಇನ್ನು ಮುಂದೆ ವಿದ್ಯಾರ್ಥಿಗಳು ಬಾಯಿ ತೆರೆಯುವುದು ಬೇಡ. ಹಾಜರಿಗೆ ಕೈ ಎತ್ತಲಿ, ಪ್ರಶ್ನೆಯಿದ್ದವರು ಬಂದು ಬೋರ್ಡಿನ ಮೇಲೆ ಬರೆಯಲಿ, ಉತ್ತರ ತಾವು ಹೇಳುತ್ತೇವೆ. ಪ್ರಾಂಶುಪಾಲರು ಖುಷಿಯಿಂದ ಮೇಜು ಕುಟ್ಟಿದರು. ಅವರೇ ಇದಕ್ಕೆ ಮೌನ ತರಗತಿ ಎಂದು ಹೆಸರಿಟ್ಟು, ಕಾಲೇಜಿಗೆಲ್ಲ ಸುತ್ತೋಲೆ ಕಳಿಸಿ, ಅಧ್ಯಾಪಕರ ಸಭೆಯಲ್ಲಿ ಮೇಷ್ಟ್ರನ್ನು ಎಬ್ಬಿಸಿ ನಿಲ್ಲಿಸಿದರು. ಎಲ್ಲರ ಅಂಗೈ ಸೇರುತ್ತ ಬಿಡುತ್ತ ಇದ್ದದ್ದರಿಂದ ಚಪ್ಪಾಳೆ ಎಂದು ತಿಳಿಯಿತು. ಇಡೀ ಕಾಲೇಜಿನ ಕಿವಿಗೆ ಹೂ ಇಟ್ಟೆನಲ್ಲ ಎಂದು ಮೇಷ್ಟ್ರು ಕೆಲವು ದಿನ ಒಳಗೊಳಗೇ ಕುಗ್ಗಿದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ತಮ್ಮ ಪಾಡು ಅನ್ನಿಸಿತು. ಆದರೆ ಹಾಲು ಹಾಲೇ. ಬೋರ್ಡಿಗೆ ಬಂದು ಬರೆಯಬೇಕಾದಾಗ ಹುಡುಗರು ಯೋಚಿಸಿ ಬರೆಯತೊಡಗಿದರು, ಸುಮ್ಮನೆ ಕಾಲೆಳೆಯುವ ಪ್ರಶ್ನೆಗಳು ನಿಂತವು. ಒಬ್ಬಳು ಒಂದು ದಿನ, ಇಲ್ಲದಿರುವುದನ್ನು ಇಲ್ಲ ಎಂದು ಸಾಧಿಸುವುದು ಹೇಗೆ ಸಾರ್ ಎಂದು ಬರೆದು ಹೋದಳು. ಅದಕ್ಕೆ ಉತ್ತರ ಹೇಳುತ್ತ ಹೇಳುತ್ತ ಮೇಷ್ಟ್ರಿಗೆ ಕೆಲಸಕ್ಕೆ ಸೇರಿದ ಹೊಸತರ ಹುರುಪು ಬಂದು, ಬೆಲ್ಲಾದದ್ದೂ ತಿಳಿಯಲಿಲ್ಲ. ಬೆಲ್ಲಾದದ್ದು ಹೇಗೂ ತಿಳಿಯುತ್ತಿರಲಿಲ್ಲ. ಹುಡುಗರು ಬ್ಯಾಗು ಎತ್ತಿಕೊಳ್ಳುವುದನ್ನು ನೋಡಿ ಪಾಠ ನಿಲ್ಲಿಸುವುದು ಹಳೆಯ ಅಭ್ಯಾಸ.

ಇವತ್ತು ಬ್ಯಾಗುಗಳು ಎದ್ದವು. ಹುಡುಗರು ನಿಯಮದ ಪ್ರಕಾರ ಹಿಂಬಾಗಿಲಿನಿಂದ ಅಂತರ ಬಿಟ್ಟು ಹೊರಟರು. ಮೇಷ್ಟ್ರು ಮುಂಬಾಗಿಲಿನಿಂದ ಹೊರಬಂದು ತಮ್ಮ ಕೊಠಡಿಯ ಹತ್ತಿರ ಬಂದರೆ, ಅಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಒಬ್ಬ ಹುಡುಗಿ. ಹೆಂಗಸು ಒಂದರ ಮೇಲೊಂದು ಎರಡು ಮಾಸ್ಕ್ ಹಾಕಿದ್ದಳು. ಕೈಯ ಚರ್ಮ ನೀರಿನಲ್ಲೇ ಇದ್ದು ಇದ್ದು ಬೆಳ್ಳಗೆ ಸುಕ್ಕಾಗಿತ್ತು. ಆಕೆ ಮಾತಾಡತೊಡಗಿದಳು. ಹಣೆ ಗಂಟಿಕ್ಕಿತ್ತು, ಒಂದು ಕೈ ಹುಡುಗಿಯ ಕಡೆಗೆ ಹೋಗಿ ಬರುತ್ತಿತ್ತು. ಮೇಷ್ಟ್ರಿಗೆ ಇಂಥ ಹೊತ್ತಿಗೆಂದೇ ಒಂದು ಮುಖವಿತ್ತು: ಕತ್ತು ಸ್ವಲ್ಪ ವಾಲಿಸಿ, ಕಣ್ಣು ಅರೆ ಮುಚ್ಚಿ, ಎಲ್ಲ ಅರ್ಥವಾಗುತ್ತಿದೆ ಎನ್ನುವ ಮುಖ. ಯಾವುದೋ ಸಹಿಗೆ ಬಂದಿರಬೇಕು, ಇಲ್ಲ ಮಗಳಿಗೆ ಪಾಠ ತಲೆಗೆ ಹತ್ತುತ್ತಿಲ್ಲ ಎನ್ನುತ್ತಿರಬೇಕು. ಹೆಂಗಸು ಮಾತು ನಿಲ್ಲಿಸಿ ಅವರನ್ನೇ ನೋಡಿದಳು. ಪ್ರಶ್ನೆ ಎಂದರೆ ನಿಲ್ಲುತ್ತಾರೆ, ಅಷ್ಟು ಗೊತ್ತು. ಹುಡುಗಿಯೂ ಏನೋ ಹೇಳಿ ಅವರನ್ನೇ ನೋಡಿದಳು. ಮೇಷ್ಟ್ರು ಇಬ್ಬರಿಗೂ ಸಲ್ಲುವಂತೆ ನಿಧಾನವಾಗಿ ತಲೆಯಾಡಿಸಿ, "ಹೌದಮ್ಮ, ಅದೂ ಸರಿಯೇ" ಅಂದರು. ಹೆಂಗಸಿನ ಕಣ್ಣಿನಲ್ಲಿದ್ದದ್ದು ಏನೋ ಆರಿಹೋಯಿತು. ಆಕೆ ಮಗಳ ರಟ್ಟೆ ಹಿಡಿದಳು. ಹುಡುಗಿ ಎಳೆದ ಕಡೆಗೆ ಹೋಗುತ್ತಲೇ ಹಿಂದಿರುಗಿ ನೋಡಿದಳು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ಮೇಷ್ಟ್ರು ಮರೆತುಬಿಡುತ್ತಿದ್ದರೇನೋ. ಅಲ್ಲಿದ್ದದ್ದು ಬರೀ ಆಶ್ಚರ್ಯ. ಅವರು ಒಳಗೆ ಹೋಗಿ, ಸದ್ಯ, ಅದೂ ಒಂದು ಸುಸೂತ್ರವಾಗಿ ಮುಗಿಯಿತು ಎಂದು ಕೈ ತೊಳೆದುಕೊಂಡರು.

ಊಟದ ಹೊತ್ತಿನಲ್ಲಿ ಮಾತ್ರ ಲೋಕಕ್ಕೆ ಬಾಯಿ ಬರುತ್ತಿತ್ತು. ಹಿತ್ತಲ ಮರದ ನೆರಳಿನಲ್ಲಿ ಅಧ್ಯಾಪಕರು ದೂರ ದೂರ ಕುರ್ಚಿ ಹಾಕಿಕೊಂಡು, ಮಾಸ್ಕ್ ಕಳಚಿ, ಡಬ್ಬಿ ಬಿಚ್ಚುತ್ತಿದ್ದರು. ಆ ಹೊತ್ತಿಗಾಗಿ ಮೇಷ್ಟ್ರು ಬೆಳಗಿನಿಂದ ಕಾಯುತ್ತಿದ್ದರು, ಹಸಿವಿಗಲ್ಲ, ತುಟಿಗಳಿಗೆ. ಎದುರಿನ ಕುರ್ಚಿ ವಾಣಿಜ್ಯದ ಮೇಷ್ಟ್ರದು. ಹುಡುಗರು ಲಾಭನಷ್ಟ ಎಂದು ಕರೆಯುವ, ಡೊಳ್ಳುಹೊಟ್ಟೆಯ, ಬಾಯಿ ತುಂಬ ಮಾತಿನ ಮನುಷ್ಯ. ಅವರ ತುಟಿ ದಪ್ಪಕ್ಷರದಲ್ಲಿ ಅಚ್ಚು ಹಾಕಿದ ಹಾಗೆ, ಎಷ್ಟು ದೂರದಿಂದಲೂ ಓದಬಹುದು. ಇವತ್ತು ಅವರು ಡಬ್ಬಿ ಬಿಚ್ಚದೆ ಕೂತಿದ್ದರು. ನಿಯಮ ನಿಯಮವೇ, ಆದರೂ ಇಷ್ಟು ಬಿಗಿ ಬೇಡ ಕಣ್ರೀ ಎಂದು ಶುರು ಮಾಡಿದರು. ಬೆಳಿಗ್ಗೆ ನಿಮ್ಮ ಹತ್ತಿರ ಬಂದಿದ್ದ ಆ ತಾಯಿ ಆಸ್ಪತ್ರೆಯ ಬಟ್ಟೆ ಒಗೆಯುವ ಕಡೆ ಕೆಲಸ ಮಾಡುವವಳಂತೆ, ಬೆಳಕು ಹರಿಯುವ ಮುಂಚೆ ಮನೆ ಬಿಡುತ್ತಾಳಂತೆ. ಮಗಳಿಗೆ ಮೊದಲ ಪೀರಿಯಡ್ಡಿನ ಹಾಜರಿಯೇ ಇಲ್ಲ, ಪರೀಕ್ಷೆಗೆ ಕೂರುವಂತಿಲ್ಲ ಎಂದು ಕಾಲೇಜಿನಿಂದ ಫೋನಿಗೆ ಮೆಸೇಜು ಹೋಗಿದೆ. ಉಳಿದ ಪೀರಿಯಡ್ಡಿಗೆಲ್ಲ ಇದ್ದಾಳೆ, ಇದೊಂದಕ್ಕಿಲ್ಲ. ಹಾಗಾದರೆ ದಿನಾ ಬೆಳಿಗ್ಗೆ ಆ ಒಂದು ಗಂಟೆ ಮಗಳು ಎಲ್ಲಿಗೆ ಹೋಗುತ್ತಾಳೆ, ಯಾರ ಜೊತೆ ಹೋಗುತ್ತಾಳೆ? ಕೂಗಿ ಹಾಜರಿ ಹೇಳುತ್ತೇನೆಂದು ಮೇಷ್ಟ್ರು ನನಗೆ ಶಿಕ್ಷೆ ಕೊಡುತ್ತಿದ್ದಾರೆ ಎಂದು ಹುಡುಗಿ ಅತ್ತಿದ್ದಾಳೆ. ಬಾಯಿಬಿಟ್ಟು ಹಾಜರ್ ಅಂದ ಮಗುವಿಗೆ ಯಾವ ಮೇಷ್ಟ್ರು ಗೈರು ಹಾಕುತ್ತಾನೆ ಎಂದು ತಾಯಿ ನಂಬಿಲ್ಲ. ನೇರ ನಿಮ್ಮನ್ನೇ ಕೇಳೋಣ ಎಂದು ಬಂದಿದ್ದಾಳೆ.

"ಇವಳು ಕ್ಲಾಸಿಗೆ ಬರ್ತಾನೇ ಇಲ್ವಾ ಸಾರ್ ಅಂತ ಆಯಮ್ಮ ಕೇಳಿದ್ರೆ, ಹೌದಮ್ಮ ಅಂತ ತಲೆ ಆಡಿಸಿದ್ರಲ್ರೀ. ನಾನು ಅಲ್ಲೇ ಮೆಟ್ಟಿಲ ಮೇಲಿದ್ದೆ. ಆ ಹುಡುಗಿ ಪ್ರೆಸೆಂಟ್ ಸಾರ್ ಅನ್ನೋದು ನಡುವಿನ ಪ್ಲೈವುಡ್ ಗೋಡೆ ದಾಟಿ ದಿನಾ ಪಕ್ಕದ ನನ್ನ ಕ್ಲಾಸಿಗೆ ಬರುತ್ತೆ. ನನ್ನ ಹುಡುಗರೇ ಎಷ್ಟೋ ಸಲ ಅವಳಿಗೆ ಹಾಜರಿ ಹಾಕಿ ಸಾರ್ ಅಂತ ನಗ್ತಾರೆ. ನಿಮಗೆ ಮಾತ್ರ ಕೇಳಿಸಲ್ವಾ?"

ಕೊನೆಯ ಮಾತನ್ನು ಅವರು ತಮಾಷೆಗೆ ಅಂದದ್ದು. ಅಂದು, ಮೇಷ್ಟ್ರ ಮುಖ ನೋಡಿ, ನಗು ಅರ್ಧಕ್ಕೆ ನಿಲ್ಲಿಸಿದರು. ಮೇಷ್ಟ್ರು ಕೂತಲ್ಲಿಂದಲೇ ಮನಸ್ಸಿನಲ್ಲಿ ತಮ್ಮ ತರಗತಿಯ ಹಾಲಿನೊಳಗೆ ಹೋಗಿದ್ದರು. ಮೊದಲು ಪರೀಕ್ಷೆಗೆಂದು ಬಳಸುತ್ತಿದ್ದ ಹಾಲು, ಎರಡು ಸಾಲು ದಪ್ಪ ಕಂಬ. ರೋಗ ಬಂದರೆ ಯಾರು ಯಾರ ಪಕ್ಕ ಕೂತಿದ್ದರು ಎಂದು ಹುಡುಕಲು ಸುಲಭವಾಗಲೆಂದು ಪ್ರತಿ ಡೆಸ್ಕಿಗೂ ನಂಬರು ಅಂಟಿಸಿದ್ದಾರೆ, ಯಾರೂ ಜಾಗ ಬಿಟ್ಟು ಕದಲುವಂತಿಲ್ಲ. ಬಲಗಡೆಯ ಕೊನೆಯ ಕಂಬದ ಹಿಂದೆ ಒಂದು ಮೊಣಕೈ ಆಗಾಗ ಕಾಣುತ್ತಿತ್ತು. ಯಾರದು ಎಂದು ಅವರು ಒಂದು ದಿನವೂ ಯೋಚಿಸಿರಲಿಲ್ಲ. ಕೈ ಎತ್ತಿದರೆ ವೇದಿಕೆಗೆ ಕಾಣುವುದಿಲ್ಲ ಎಂದು ಅವಳಿಗೆ ಮೊದಲ ದಿನವೇ ತಿಳಿದಿರಬೇಕು, ಅದಕ್ಕೇ ಕೂಗಿದ್ದಾಳೆ. ಮೌನ ತರಗತಿಯಲ್ಲಿ ಅಷ್ಟು ಹುಡುಗರ ನಡುವೆ ಒಬ್ಬಳೇ ದಿನಾ ಬಾಯಿಬಿಟ್ಟು ನಾನಿದ್ದೇನೆ ಎಂದಿದ್ದಾಳೆ, ನೋಡಿದವರ ಲೆಕ್ಕದಲ್ಲಿ ವೇದಿಕೆಯ ಮೇಲೆ ನಿಂತವನು ಅದನ್ನು ಕೇಳಿಯೂ ಕಲ್ಲಿನ ಹಾಗೆ ಗೈರು ಎಂದು ಬರೆದಿದ್ದಾನೆ, ಅದನ್ನು ಇಡೀ ತರಗತಿ ನೋಡಿ ಹೆದರಿದೆ. ಇಷ್ಟು ಕ್ರೂರನಾಗಲು ತಮಗೆ ಯಾವತ್ತೂ ಧೈರ್ಯವಿರಲಿಲ್ಲ ಎಂದು ಮೇಷ್ಟ್ರಿಗೆ ಅಳು ಬಂದ ಹಾಗಾಯಿತು. ತಾಯಿ ಮಗಳು ಈಗ ಎಲ್ಲಿ ಎಂದು ಕೇಳಿದರು. ಆಫೀಸಿನ ಕಿಟಕಿಯ ಹತ್ತಿರ ಇದ್ದಾರೆ, ಕಾಲೇಜು ಬಿಡಿಸುತ್ತಾಳಂತೆ, ತನ್ನ ಜೊತೆ ಬಟ್ಟೆ ಒಗೆಯುವ ಕಡೆಗೇ ಸೇರಿಸಿ ಕಣ್ಣೆದುರಿಗೆ ಇಟ್ಟುಕೊಳ್ಳುತ್ತಾಳಂತೆ ಎಂದು ವಾಣಿಜ್ಯದ ಮೇಷ್ಟ್ರ ತುಟಿ ಹೇಳಿತು. ಮೇಷ್ಟ್ರು ಡಬ್ಬಿಯನ್ನು ಕುರ್ಚಿಯ ಮೇಲೇ ಬಿಟ್ಟು ಎದ್ದರು.

ಕಾರಿಡಾರಿನಲ್ಲಿ ನಡೆಯುವಾಗಲೇ ಅವರಿಗೆ ಒಂದು ದಾರಿ ಹೊಳೆಯಿತು, ಅದೂ ಎಂಥ ಒಳ್ಳೆಯ ದಾರಿ: ಕಂಬ. ಕಂಬ ಅಡ್ಡ ಇತ್ತು, ಕೈ ಕಾಣಿಸಲಿಲ್ಲ, ತಪ್ಪಾಯಿತು, ತಿದ್ದಿಬಿಡೋಣ. ಒಂದು ಸುಳ್ಳಕ್ಷರವಿಲ್ಲ. ಹುಡುಗಿಗೂ ಒಳ್ಳೆಯದಾಗುತ್ತದೆ, ತಮಗೂ ಏನೂ ಆಗುವುದಿಲ್ಲ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದ ಹಾಗೆ, ಬಿದ್ದದ್ದು ಎಲ್ಲರಿಗೂ ಕಂಡರೂ ಮೀಸೆಯೊಂದು ಉಳಿದರೆ ಸಾಕು. ಆಫೀಸಿನ ಗಾಜಿನ ಕಿಟಕಿಯ ಮುಂದೆ ತಾಯಿ ಮಗಳು ನಿಂತಿದ್ದರು. ಹುಡುಗಿಯ ಮಾಸ್ಕಿನ ಮೇಲಂಚು ಒದ್ದೆಯಾಗಿತ್ತು. ಗಾಜಿನ ಒಳಗೆ ಗುಮಾಸ್ತರು, ಗಾಜು ಇರುವಾಗ ಮಾಸ್ಕ್ ಯಾಕೆ ಎಂದು ಅದನ್ನು ಗದ್ದಕ್ಕೆ ಇಳಿಸಿಕೊಂಡು ಕೂತಿದ್ದರು. ಆ ತುಟಿ ಕಂಡು ಮೇಷ್ಟ್ರಿಗೆ ಹೋದ ಜೀವ ಬಂತು. ಈ ಹುಡುಗಿ ದಿನಾ ಬಂದಿದ್ದಾಳೆ, ತಪ್ಪು ನನ್ನದು, ಹಾಜರಿ ತಿದ್ದಬೇಕು ಎಂದು ಅವರು ಹೇಳಿದರು. ಇಷ್ಟು ದಿನದ್ದನ್ನು ಒಟ್ಟಿಗೆ ತಿದ್ದಬೇಕಾದರೆ ಕಾರಣ ಬರೆಯಬೇಕು ಸಾರ್, ಏನಂತ ಬರೆಯಲಿ ಎಂದು ಗುಮಾಸ್ತರು ಕೇಳಿದರು. ಕಂಬ ಅಡ್ಡ ಇತ್ತು ಅಂತ ಬರೆಯಿರಿ ಎಂದರು ಮೇಷ್ಟ್ರು. ಗುಮಾಸ್ತರು ಪೆನ್ನು ಎತ್ತಿಕೊಂಡರು. ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಆ ತಾಯಿ ತಿರುಗಿ ನಿಂತು, ಅವರ ಮುಖ ನೋಡುತ್ತ ಏನೋ ಅಂದಳು, ಅಂದು ನಿಲ್ಲಿಸಿದಳು. ಮೇಷ್ಟ್ರ ಕತ್ತು ತಾನಾಗಿ ವಾಲತೊಡಗಿತು, ತಲೆ ಆಡಲು ಸಿದ್ಧವಾಯಿತು, ಅದೂ ಸರಿಯೇ ಎಂಬುದು ನಾಲಗೆಯ ತುದಿಗೆ ಬಂತು. ಅವರು ಹಲ್ಲು ಕಚ್ಚಿ ಅದನ್ನು ತಡೆದು, ಗುಮಾಸ್ತರ ಕಡೆ ನೋಡಿದರು.

"ಕಂಬ ಕಣ್ಣಿಗೆ ಅಡ್ಡ ಬರುತ್ತೆ, ಕಿವಿಗೂ ಅಡ್ಡ ಬರುತ್ತಾ ಅಂತ ಕೇಳ್ತಿದ್ದಾರೆ ಸಾರ್" ಎಂದು ಗುಮಾಸ್ತರು ನಕ್ಕರು. "ಮಗಳು ಕೂಗಿ ಹೇಳಿದ್ದು ನಿಜ ಆದ್ರೆ ಸಾರ್‌ಗೆ ಯಾಕೆ ಕೇಳಿಸಲಿಲ್ಲ, ನನ್ನ ಸಮಾಧಾನಕ್ಕೆ ಹೇಳ್ತಿದ್ದಾರೆ ಅಂತಾರೆ."

ಅವಳು ನಂಬುವುದಿಲ್ಲ, ಮೇಷ್ಟ್ರಿಗೆ ತಿಳಿಯಿತು. ಹಾಜರಿ ತಿದ್ದಿದರೂ, ಪರೀಕ್ಷೆಗೆ ಕೂರಿಸಿದರೂ, ಆ ಒಂದು ಗಂಟೆ ತಾಯಿ ಮಗಳ ನಡುವೆ ಹಾಗೇ ಉಳಿಯುತ್ತದೆ. ಬಿಸಿ ತುಪ್ಪ ನುಂಗಲೂ ಆಗದು ಉಗುಳಲೂ ಆಗದು ಎಂದು ಹುಡುಗರಿಗೆ ಅವರು ಉಭಯಸಂಕಟದ ಪಾಠ ಮಾಡುವಾಗ ಹೇಳುತ್ತಿದ್ದರು; ಉಗುಳಿದರೆ ಆಗುತ್ತದೆ, ಅಷ್ಟೇ, ಎಲ್ಲರ ಮುಂದೆ ಉಗುಳಬೇಕು.

"ನನಗೆ ಕಿವಿ ಕೇಳಿಸಲ್ಲಮ್ಮ. ತುಂಬಾ ದಿನ ಆಯ್ತು. ಬೆಳಿಗ್ಗೆ ನೀವು ಕೇಳಿದ್ದೂ ಕೇಳಿಸಲಿಲ್ಲ, ಸುಮ್ಮನೆ ತಲೆ ಆಡಿಸಿದೆ. ನಿಮ್ಮ ಮಗಳು ಎಲ್ಲೂ ಹೋಗಿಲ್ಲ. ಅವಳು ಇದ್ದಾಳೆ, ನಾನೇ ಇರಲಿಲ್ಲ."

ತಮ್ಮ ದನಿ ಎಷ್ಟು ದೊಡ್ಡದು ಎಂದು ಅವರಿಗೆ ತಿಳಿಯುತ್ತಿರಲಿಲ್ಲ. ಕಾರಿಡಾರಿನ ಕೊನೆಯವರೆಗೂ ತಲೆಗಳು ಇತ್ತ ತಿರುಗಿದ್ದರಿಂದ ಅಂದಾಜು ಸಿಕ್ಕಿತು. ಪ್ರಾಂಶುಪಾಲರ ಕೋಣೆಯ ಬಾಗಿಲು ತೆರೆಯಿತು. ಹಿಂದೆಯೇ ಬಂದಿದ್ದ ವಾಣಿಜ್ಯದ ಮೇಷ್ಟ್ರು, ಇವರು ಬಿಟ್ಟುಬಂದ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಈಗ ನಗುತ್ತಾರೆ ಎಂದು ಮೇಷ್ಟ್ರು ಭುಜಗಳನ್ನು ನೋಡಿದರು. ಯಾರ ಭುಜವೂ ಅಲುಗಲಿಲ್ಲ. ತಾಯಿ ಒಂದು ಹೆಜ್ಜೆ ಮುಂದೆ ಬಂದು, ಅಂತರ ನೆನಪಾಗಿ ಮತ್ತೆ ಹಿಂದೆ ಸರಿದಳು. ಆಮೇಲೆ ಆಕೆಯ ಕೈಗಳು ಎದ್ದವು. ಬೆರಳಿನಿಂದ ತನ್ನ ಕಿವಿ ತೋರಿಸಿ, ಅಂಗೈ ತಿರುಗಿಸಿ ಇಲ್ಲ ಎಂದಳು. ಅವರ ಕಡೆ ತೋರಿಸಿ, ಹೌದಾ ಎಂದು ಹುಬ್ಬು ಎತ್ತಿದಳು. ಮಗಳ ತಲೆ ಮುಟ್ಟಿ, ತನ್ನ ಗಂಟಲು ಮುಟ್ಟಿ, ಎರಡೂ ಕೈಯನ್ನು ಅಗಲಿಸಿ ಇಷ್ಟು ದೊಡ್ಡದು ಎಂದಳು, ಮನೆಯ ಸೂರು ಹಾರಿಹೋಗುವಷ್ಟು ಎಂದು ಬೆರಳನ್ನು ಮೇಲಕ್ಕೆ ತಿರುಗಿಸಿದಳು. ಒಂದು ಮಾತಿಲ್ಲ, ಮೇಷ್ಟ್ರಿಗೆ ಒಂದೂ ತಪ್ಪಲಿಲ್ಲ. ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ಗದ್ದಲದಲ್ಲಿ ಅಲ್ಲಿಯವರೆಲ್ಲ ಮಾತಾಡುವುದೇ ಹೀಗೆ, ಅಮ್ಮ ಮನೆಗೆ ಬಂದ ಮೇಲೂ ಕಿವಿ ಗುಂಯ್ ಅನ್ನುತ್ತಿರುತ್ತದೆ, ಅದಕ್ಕೇ ನಾವೆಲ್ಲ ಮನೆಯಲ್ಲಿ ಕೂಗಿಯೇ ಮಾತಾಡುವುದು ಎಂದು ಹುಡುಗಿ ಹೇಳಿದ್ದನ್ನು ಗುಮಾಸ್ತರು ಗಾಜಿನೊಳಗಿನಿಂದ ಒಪ್ಪಿಸಿದರು. ತಾಯಿ ಮಗಳನ್ನು ನೋಡಲಿಲ್ಲ. ನೋಡದೆ, ಬೆಳಿಗ್ಗೆ ಹಿಡಿದೆಳೆದ ಅದೇ ರಟ್ಟೆಯನ್ನು ಮೆಲ್ಲಗೆ ಸವರುತ್ತ ನಿಂತಳು. ಹುಡುಗಿ ತಲೆ ತಗ್ಗಿಸಿ ಬಹಳ ಹೊತ್ತು ಅತ್ತಳು. ಗುಮಾಸ್ತರು ಬರೆದು ಮುಗಿಸಿ, ಸಹಿಗೆ ಕಾಗದವನ್ನು ಗಾಜಿನ ಕೆಳಗಿನಿಂದ ತಳ್ಳಿದರು.

ಪ್ರಾಂಶುಪಾಲರು ಮಧ್ಯಾಹ್ನ ಕರೆಸಿದರು. ಕೂರಿಸಿ, ದೂರ ಸರಿದು, ಮಾಸ್ಕ್ ಇಳಿಸಿ, ತುಟಿಯನ್ನು ಅತಿಯಾಗಿ ಅಗಲಿಸಿ ಮಾತಾಡಿದ್ದರಿಂದ ಅವರಂದದ್ದರಲ್ಲಿ ಅರ್ಧ ತಿಳಿಯಲಿಲ್ಲ. ಸಾರ್, ಮಾಮೂಲಿಯಾಗಿ ಮಾತಾಡಿ, ಆಗ ತಿಳಿಯುತ್ತದೆ ಎಂದು ಮೇಷ್ಟ್ರು ಹೇಳಿದರು. ಹೇಳಿದ ಮೇಲೆ, ಇಷ್ಟು ಸಣ್ಣ ಮಾತನ್ನು ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟುಕೊಂಡಿದ್ದೆ ಅನ್ನಿಸಿತು. ಮೌನ ತರಗತಿಯ ಸುತ್ತೋಲೆ ಹಿಂದಕ್ಕೆ ತೆಗೆದುಕೊಳ್ಳಬೇಕೆ ಎಂದು ಪ್ರಾಂಶುಪಾಲರು ಮುಜುಗರದಿಂದ ಕೇಳಿದರು. ಬೋರ್ಡಿನ ಮೇಲೆ ಬರೆಯುವುದು ಇರಲಿ, ಹುಡುಗರು ಚೆನ್ನಾಗಿ ಬರೆಯುತ್ತಿದ್ದಾರೆ; ಹಾಜರಿಯನ್ನು ಮಾತ್ರ ಕೆಳಗಿಳಿದು ತೆಗೆದುಕೊಳ್ಳುತ್ತೇನೆ ಎಂದು ಇವರೇ ಸಮಾಧಾನ ಮಾಡಿದರು. ಸಂಜೆ ಮನೆಯಲ್ಲಿ ಹೆಂಡತಿಗೆ ಕಿವಿ ಡಾಕ್ಟರ ವಿಷಯ ತಾವಾಗಿಯೇ ಎತ್ತಿದಾಗ ಆಕೆ ಎದುರಿಗೆ ಬಂದು ನಿಂತು, ಏನಂದಿರಿ, ನನಗೆ ಕೇಳಿಸಲಿಲ್ಲ ಎಂದು ಎರಡು ಸಲ ಹೇಳಿಸಿದಳು. ಮೇಷ್ಟ್ರು ಎರಡು ಸಲವೂ ಹೇಳಿದರು. ಅವರಿಗೆ ಸಿಟ್ಟು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಅವರು ವೇದಿಕೆ ಹತ್ತಲಿಲ್ಲ. ಪುಸ್ತಕ ಹಿಡಿದು ಡೆಸ್ಕುಗಳ ಸಾಲಿನ ನಡುವೆ ನಂಬರು ಕೂಗುತ್ತ ನಡೆದರು. ಕೈಗಳು ಏಳುತ್ತಿದ್ದವು, ಇಳಿಯುತ್ತಿದ್ದವು. ಹತ್ತಿರದಿಂದ ನೋಡಿದರೆ ಒಬ್ಬೊಬ್ಬರ ಹಣೆಯೂ ಬೇರೆ ಬೇರೆ. ಸುದ್ದಿ ಎಲ್ಲರಿಗೂ ಮುಟ್ಟಿತ್ತು, ಯಾರ ಕಣ್ಣೂ ನಗೆಯಿಂದ ಕಿರಿದಾಗಲಿಲ್ಲ. ಬಲಗಡೆಯ ಕೊನೆಯ ಕಂಬ ಸುತ್ತಿ ಬಂದು ಅವರು ಅವಳ ನಂಬರು ಕೂಗಿದರು. ಅವಳು ಕೈ ಎತ್ತಿದಳು, ಕೈ ಎತ್ತಿದ್ದು ಸಾಲದೆಂಬಂತೆ ಎದ್ದು ನಿಂತು ಬಾಯಿಬಿಟ್ಟಳು. ಮಾಸ್ಕಿನ ಬಟ್ಟೆ ಒಮ್ಮೆ ಮುಂದಕ್ಕೆ ಉಬ್ಬಿ, ಮತ್ತೆ ಬಾಯಿಗೆ ಅಂಟಿಕೊಂಡಿತು. ಮೇಷ್ಟ್ರು ಹಾಜರಿ ಹಾಕಿದರು. ಮುಂದಿನ ನಂಬರಿಗೆ ಹೋಗಬಹುದಿತ್ತು. ಅವರು ಪೆನ್ನು ಎತ್ತಿ ಹಿಡಿದು, ತಮ್ಮ ಇಷ್ಟು ವರ್ಷದ ಕೆಲಸದಲ್ಲಿ ಯಾವ ತರಗತಿಯಲ್ಲೂ ಯಾರಿಗೂ ಹೇಳದೇ ಇದ್ದ ಮಾತನ್ನು ಹೇಳಿದರು.

"ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಮ್ಮ."

ಬಟ್ಟೆ ಇನ್ನೂ ಜೋರಾಗಿ ಉಬ್ಬಿತು.